ಬಸ್ ಅಂಕ

ನಿಮ್ಮ ಮಗು ಪರೀಕ್ಷೆಯಲ್ಲಿ ಬರೆದ ಪ್ರಬಂಧವನ್ನು ಯಾರೂ ಪೂರ್ತಿ ಓದುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಮೊದಲ ಸಾಲು, ಕೊನೆಯ ಸಾಲು, ನಡುವೆ ಪುಟ ತುಂಬಿದೆಯೇ ಎಂದು ಒಂದು ನೋಟ. ಆಮೇಲೆ ಕೆಂಪು ಪೆನ್ನು. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಒಂದಿಡೀ ಬೆಂಚಿನ ಹಣೆಬರಹ ತೀರ್ಮಾನವಾಗಿರುತ್ತದೆ.

ಈ ಘೋರ ಸತ್ಯ ನನಗೆ ಕಂಡದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ. ನನ್ನ ಹೆಂಡತಿ ಸುಕನ್ಯಾ, ಬಣಕಲ್ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಾನು ಪಂಪ್‌ಸೆಟ್ ರಿಪೇರಿ ಮಾಡುವವನು. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಬುದ್ಧಿವಂತನಾಗಿ, ಈಗ ಮೂಡಿಗೆರೆಯ ಒಂದು ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಲೋಕವನ್ನು ತಿದ್ದುತ್ತೇನೆ. (ಲೋಕ ಇನ್ನೂ ತಿದ್ದಿಕೊಂಡಿಲ್ಲ. ಪತ್ರಿಕೆಯ ಅಚ್ಚಿನ ತಪ್ಪುಗಳೂ ಹಾಗೇ ಇವೆ.)

ಆ ಶಾಲೆಯ ಹೆಡ್‌ಮಾಸ್ಟರ್ ಭೂತಯ್ಯನವರು ಒಂದು ಕಾನೂನು ಮಾಡಿದ್ದಾರೆ. ಹತ್ತಕ್ಕೆ ನಾಲ್ಕು ಬರದವರು ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿಗೆ ಕೂರಬೇಕು. ಒಳ್ಳೆಯ ಕಾನೂನೇ. ಆದರೆ ಎಸ್ಟೇಟ್ ಕಡೆಗೆ ಹೋಗುವ ಸಂಜೆಯ ಬಸ್ಸಿಗೆ ಭೂತಯ್ಯನವರ ಪರಿಚಯವಿಲ್ಲ. ಅದು ಯಾವ ತರಗತಿಗೂ ಕಾಯುವುದಿಲ್ಲ. ತಪ್ಪಿದರೆ ನಡಿಗೆ. ಆ ದಾರಿಯಲ್ಲಿ ಸಂಜೆ ಹೊತ್ತು ಆನೆಗಳೂ ನಡೆಯುತ್ತವೆ. ಅದಕ್ಕೇ ಆ ಕಡೆಯ ಮಗುವಿಗೆ ಮೂರು ಬಂದರೆ ಸುಕನ್ಯಾ ಇನ್ನೊಂದು ಸಲ ಹುಡುಕಿ, ಯಾವುದಾದರೂ ಒಂದು ಸಾಲಿಗೆ ಸರಿ ಗುರುತು ಹಾಕಿ ನಾಲ್ಕು ಮಾಡುತ್ತಾಳೆ. ಸ್ಟಾಫ್ ರೂಮಿನಲ್ಲಿ ಇದಕ್ಕೆ ‘ಬಸ್ ಅಂಕ’ ಎಂದು ಹೆಸರು.

ಕೇಳಿದ್ದೇ ತಡ, ನನ್ನೊಳಗಿನ ಅಂಕಣಕಾರ ಎದ್ದು ನಿಂತ.

“ಇದು ಅಂಕ ಅಲ್ಲ ಕಣೇ, ಟಿಕೆಟ್! ನೀನು ಟೀಚರಾ, ಕಂಡಕ್ಟರಾ?”

“ಮೋನಿಕಾ ಅಂತ ಒಬ್ಳಿದಾಳೆ. ಹೋದ ತಿಂಗಳು ಬಸ್ ತಪ್ತು. ಅವಳಮ್ಮ ರಾಮಮ್ಮ ಎಸ್ಟೇಟ್ ಕೆಲ್ಸ ಬಿಟ್ಟು, ಡಬ್ಬ ಬಡೀತಾ ಎದುರು ಬಂದು ಕರ್ಕೊಂಡು ಹೋದ್ಳು. ಆನೆ ತೋಟದಲ್ಲೇ ನಿಂತಿತ್ತಂತೆ. ನೀವು ಹೋಗಿ ಡಬ್ಬ ಬಡೀತೀರಾ ಮಾರಾಯ್ರೆ?”

“ಆನೆ ಅರಣ್ಯ ಇಲಾಖೆಯ ವಿಷಯ. ಪ್ರಬಂಧ ನ್ಯಾಯದ ವಿಷಯ. ಕರುಣೆಗೆ ಅಂಕ ಕೊಡೋ ದೇಶ ಉದ್ಧಾರ ಆಗಲ್ಲ.”

“ಹಾಗಾದ್ರೆ ತಗೊಳ್ಳಿ.” ಅವಳು ಇಡೀ ಕಂತೆಯನ್ನು ನನ್ನ ಮುಂದೆ ಸರಿಸಿ ಕೆಂಪು ಪೆನ್ನನ್ನು ಮೇಲಿಟ್ಟಳು. “ನೀವೇ ತಿದ್ದಿ. ನೀವು ಹಾಕಿದ್ದೇ ಅಂಕ. ನಾನು ಒಂದೂ ಕೂಡ್ಸಲ್ಲ.”

ಅವಳ ದನಿಯಲ್ಲಿದ್ದದ್ದು ಸೋಲು ಎಂದುಕೊಂಡೆ. ಸುಸ್ತಿಗೂ ಸೋಲಿಗೂ ವ್ಯತ್ಯಾಸ ತಿಳಿಯುವಷ್ಟು ನಾನು ಓದಿರಲಿಲ್ಲ.

ನನ್ನದು ವೈಜ್ಞಾನಿಕ ಪದ್ಧತಿ. ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕಪ್ ಟೇಸ್ಟಿಂಗ್ ಮಾಡುವುದನ್ನು ಒಮ್ಮೆ ನೋಡಿದ್ದೆ. ಸಾಲಾಗಿ ಕಪ್ಪುಗಳು, ಯಾವುದು ಯಾರ ತೋಟದ್ದೆಂದು ರುಚಿ ನೋಡುವವನಿಗೆ ಗೊತ್ತಿರುವುದಿಲ್ಲ. ಸುರ್ರೆಂದು ಎಳೆದು, ನಾಲಿಗೆಯಲ್ಲಿ ಆಡಿಸಿ, ಉಗಿದು, ದರ್ಜೆ ಹೇಳುತ್ತಾನೆ. ಸಾಹುಕಾರರ ಕಾಫಿ, ಸಣ್ಣ ಬೆಳೆಗಾರನ ಕಾಫಿ ಎಂಬ ಭೇದವಿಲ್ಲ. ನಾನೂ ಹಳೆಯ ಪತ್ರಿಕೆಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಪ್ರತಿ ಮಗುವಿನ ಹೆಸರಿನ ಮೇಲೂ ಅಂಟಿಸಿದೆ.

“ಅಂತೂ ನಿಮ್ಮ ಅಂಕಣ ಉಪಯೋಗಕ್ಕೆ ಬಂತು,” ಎಂದಳು ಸುಕನ್ಯಾ.

ಭಾನುವಾರ ಬೆಳಿಗ್ಗೆ ಕುಳಿತೆ. ಅರ್ಧ ಕಂತೆ ಮುಗಿಯುವವರೆಗೆ ಅನ್ನಾಹಾರ ಮುಟ್ಟುವುದಿಲ್ಲವೆಂದು ಶಪಥ ಮಾಡಿದೆ. ವಿಷಯ: ಕಾಡುಪ್ರಾಣಿ ಮತ್ತು ಮನುಷ್ಯ. ಎಲ್ಲ ಮಕ್ಕಳೂ ಒಂದೇ ಗೈಡಿನ ಕೂಸುಗಳು. “ಭಾರತವು ವನ್ಯಸಂಪತ್ತಿಗೆ ಹೆಸರಾದ ದೇಶವಾಗಿದೆ.” ಮುಂದಿನದು: “ಭಾರತವು ವನ್ಯಸಂಪತ್ತಿಗೆ...” ಅದರ ಮುಂದಿನದು: “ಭಾರತವು...” ನನಗೆ ಭಾರತದ ಮೇಲೇ ಬೇಜಾರು ಬರತೊಡಗಿತು. ಅಷ್ಟರಲ್ಲಿ ಅಡುಗೆಮನೆಯಿಂದ ಕಡುಬು ಬೇಯುವ ವಾಸನೆ, ಕೋಳಿಸಾರಿನ ಒಗ್ಗರಣೆ. ಹೊಟ್ಟೆ ಚುರುಗುಟ್ಟಿತು. ಒಬ್ಬರು ಯಾರೋ ಬರೆದಿದ್ದರು: “ಆನೆಗೂ ಹೊಟ್ಟೆ ಇದೆ, ನಮಗೂ ಹೊಟ್ಟೆ ಇದೆ. ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ಹೋಗಬೇಕು.”

ಹೊಟ್ಟೆಯ ಮಾತೇ! ಅದೂ ಆ ಹೊತ್ತಿನಲ್ಲಿ! ‘ಬಾಲಿಶ. ವಿಷಯಾಂತರ’ ಎಂದು ಬರೆದು ಮೂರು ಹಾಕಿದೆ. ನ್ಯಾಯದೇವತೆಗೆ ಕಣ್ಣುಪಟ್ಟಿ ಯಾಕೆ ಕಟ್ಟಿದ್ದಾರೆಂದು ಅರ್ಥವಾಯಿತು. ಹೊಟ್ಟೆಪಟ್ಟಿಯನ್ನೂ ಕಟ್ಟಬೇಕಿತ್ತೆಂದು ಆಗ ಹೊಳೆಯಲಿಲ್ಲ.

ಅರ್ಧ ಕಂತೆ ಮುಗಿಸಿ ಊಟಕ್ಕೆ ಎದ್ದೆ. ಕಡುಬು ಇಳಿಯಿತು, ಸಾರು ಇಳಿಯಿತು, ರೆಪ್ಪೆಗಳೂ ಇಳಿದವು. ಯಾವಾಗಲೂ ಪಕ್ಕದಲ್ಲಿ ಕೂತು ಬಡಿಸುವ ಅಮ್ಮ ಅಂದು “ನಂಗೆ ಸ್ವಲ್ಪ ಕೆಲ್ಸ ಇದೆ” ಎಂದು ಕೋಣೆ ಸೇರಿದ್ದಳು. ನಿದ್ದೆ ಮುಗಿಸಿ, ಕಾಫಿ ಕುಡಿದು ಕುಳಿತಾಗ ನೋಡಿ, ಮಕ್ಕಳೆಲ್ಲ ಎಷ್ಟು ಚೆನ್ನಾಗಿ ಬರೆಯುತ್ತಿದ್ದಾರೆ! ಭಾರತವೂ ಅಷ್ಟೇನೂ ಕೆಟ್ಟ ದೇಶವಲ್ಲ. ಏಳು, ಆರು, ಎಂಟು ಎಂದು ಹಾಕುತ್ತ ಸಂಜೆಯೊಳಗೆ ಕಂತೆ ಮುಗಿಸಿ, ದಿಗ್ವಿಜಯ ಮಾಡಿ ಬಂದವನಂತೆ ಸುಕನ್ಯಾಳ ಮುಂದಿಟ್ಟೆ.

ಅವಳು ಎರಡು ಹಾಳೆ ಎಳೆದು ಪಕ್ಕಪಕ್ಕ ಇಟ್ಟಳು. “ಓದಿ.”

ಬೆಳಗಿನದು: ಆನೆಗೂ ಹೊಟ್ಟೆ ಇದೆ. ಬಾಲಿಶ, ವಿಷಯಾಂತರ, ಮೂರು. ಮಧ್ಯಾಹ್ನದ್ದು: ಆನೆಗೂ ಹೊಟ್ಟೆ ಇದೆ. ಪಕ್ಕದಲ್ಲಿ ನನ್ನದೇ ಕೈಬರಹ: ‘ಎಷ್ಟು ಸರಳ, ಎಷ್ಟು ಆಳ! ಮನೆಯ ಹಿರಿಯರ ಸಂಸ್ಕಾರ ಎದ್ದು ಕಾಣುತ್ತದೆ.’ ಎಂಟು.

“ಕಾಪಿ ಹೊಡೆದಿದ್ದಾರೆ!” ಎಂದು ಗುಡುಗಿದೆ. “ಯಾರದು?”

“ನಾನೇ ಕಣೋ,” ಎಂದಳು ಅಮ್ಮ ಬಾಗಿಲಲ್ಲಿ ನಿಂತು. “ಸುಕನ್ಯಾ ಹಾಳೆ ತೆಗ್ದುಕೊಟ್ಲು. ನೀನು ಉಂಡು ಗೊರಕೆ ಹೊಡೀತಿದ್ದಾಗ ನೋಡ್ಕೊಂಡು ಬರ್ದು, ಪಟ್ಟಿ ಅಂಟ್ಸಿ, ಉಳಿದ ಕಂತೆಗೆ ಸೇರ್ಸ್ದೆ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಎಂಟು ಕೊಟ್ಟೆಯಲ್ಲೋ! ಹೆತ್ತಮ್ಮನ ಅಕ್ಷರ ಗುರ್ತು ಸಿಗ್ಲಿಲ್ವಾ ನಿಂಗೆ?”

ಎಲ್ಲೋ ಓದಿದ ಹಾಗಿದೆ ಎಂದು ನನಗೂ ಅನ್ನಿಸಿತ್ತು. ಗೈಡಿನ ಮಹಿಮೆ ಎಂದುಕೊಂಡು ಮುಂದೆ ಹೋಗಿದ್ದೆ. ಯಾರೂ ಪೂರ್ತಿ ಓದುವುದಿಲ್ಲ ಎಂದು ಕೂಗಾಡಿದವನೂ ಪೂರ್ತಿ ಓದಿರಲಿಲ್ಲ.

“ನಮ್ಮ ಶಶಿಧರ್ ಮಾವ ಕ್ಯೂರಿಂಗ್‌ನಲ್ಲಿ ಟೇಸ್ಟರ್ ಆಗಿದ್ರು,” ಎಂದಳು ಸುಕನ್ಯಾ. “ಅವ್ರ ನಾಲಿಗೆ ನೆಟ್ಟಗಿದ್ಯಾ ನೋಡೋಕೆ, ಹೇಳ್ದೆ ಕೇಳ್ದೆ ಒಂದೇ ಕಾಫಿನ ಎರಡು ಕಪ್ಪಲ್ಲಿ ಇಡ್ತಿದ್ರಂತೆ. ನೀವು ಹೆಸ್ರು ಮುಚ್ಚೋದನ್ನ ಮಾತ್ರ ನೋಡ್ಕೊಂಡು ಬಂದ್ರಿ.”

“ನಿಂಗೆ ಹೀಗೆ ಆಗಲ್ವಾ?”

“ದಿನಾ ಆಗುತ್ತೆ. ಅದಕ್ಕೇ ಮೂರು ಬಂದ್ರೆ ಎರಡನೇ ಸಲ ಓದೋದು. ಎಲ್ರದ್ದೂ ಓದೋಕೆ ನಂಗೆ ಶಕ್ತಿ ಇಲ್ಲ ರೀ. ಬಸ್ ತಪ್ಪೋರದ್ದಾದ್ರೂ ಓದ್ತೀನಿ.”

ಬೆಳಗಿನ ಹಾಳೆಯ ಮೇಲೆ ಅಂಟಿಸಿದ್ದ ಪಟ್ಟಿಯನ್ನು ಅವಳು ಕಿತ್ತಳು. ಮೋನಿಕಾ.

“ಹೇಳಿ. ಈ ಹುಡುಗಿ ಬಸ್ ಹತ್ಬೇಕಾ, ಬೇಡ್ವಾ?”

ನಾನು ಮೂರನ್ನು ಹೊಡೆದುಹಾಕಿ ಎಂಟು ಬರೆದೆ.

“ಬೆಳಿಗ್ಗೆ ತಿದ್ದಿದ್ದು ಬರೀ ಇವಳದ್ದಾ?” ಎಂದು ಕೇಳಿ, ಅವಳು ಅರ್ಧ ಕಂತೆಯನ್ನು ಮತ್ತೆ ನನ್ನ ಮುಂದೆ ಸರಿಸಿದಳು.

ಎಲ್ಲವನ್ನೂ ಮತ್ತೆ ಓದಿದೆ. ಕೆಲವು ಏರಿದವು, ಕೆಲವು ಇಳಿದವು. ಯಾವುದು ಸರಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಮರುದಿನ ಸುಕನ್ಯಾ ಭೂತಯ್ಯನವರಿಗೆ, “ಇನ್ಮೇಲೆ ನಮ್ಮನೆಯವ್ರು ಪ್ರತಿ ಪರೀಕ್ಷೆಗೂ ಎರಡನೇ ಸಲ ಓದಿ ಕೊಡ್ತಾರಂತೆ ಸರ್” ಎಂದು ಹೇಳಿಬಿಟ್ಟಳು. ಸುದ್ದಿ ತಿಳಿದು ವಿಜ್ಞಾನದ ರಶ್ಮಿ ಟೀಚರ್ ಕೂಡ ತಮ್ಮ ಕಂತೆ ಕಳಿಸಿದ್ದಾರೆ. ಅಂಗಡಿಯಲ್ಲಿ ಮೂರು ಪಂಪ್‌ಸೆಟ್ ಬಾಯಿ ತೆರೆದುಕೊಂಡು ಬಿದ್ದಿವೆ. ನಾನು ದ್ಯುತಿಸಂಶ್ಲೇಷಣೆ ಓದುತ್ತಿದ್ದೇನೆ. ಅಮ್ಮ ಮಾತ್ರ ತನ್ನ ಎಂಟಂಕದ ಹಾಳೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದಾಳೆ.

ಆದ್ದರಿಂದ, ಚಹಾದಂಗಡಿಯಲ್ಲಿ ಕೂತು “ಈ ಮೇಷ್ಟ್ರುಗಳಿಗೆ ಏನು ಕೆಲಸ” ಎಂದು ನನ್ನ ಈ ಅಂಕಣದ ಮೊದಲ ಸಾಲಿಗೇ ತಲೆದೂಗಿದ ಮಹನೀಯರೇ, ಹೀಗೆ ಓದಿ ನಕ್ಕು ಪುಟ ತಿರುಗಿಸಬೇಡಿ. ಒಂದು ಮಗುವಿನ ಹಾಳೆಯನ್ನು ಎರಡು ಸಲ ಓದಲು ಎರಡು ಜೊತೆ ಕಣ್ಣು ಬೇಕು. ನಿಮಗೂ ಒಂದು ಜೊತೆ ಇದೆ. ಬರುವ ಭಾನುವಾರ ನಮ್ಮನೆಗೆ ಬನ್ನಿ. ತಿಂಡಿ ತಿಂದುಕೊಂಡೇ ಬನ್ನಿ. ಕೆಂಪು ಪೆನ್ನು ನೀವೇ ತನ್ನಿ.