ತೀರಾ ಹತ್ತಿರದ ಮನೆ

ಸಿದ್ದಬಸಪ್ಪ: ಮನೆ ಚೆನ್ನಾಗಿಲ್ಲ ಅಂತ ನಾನೆಲ್ಲಿ ಅಂದೆ? ತೀರಾ ಹತ್ತಿರ ಅಂದೆ, ಅಷ್ಟೆ.

ಮಹಾನಂದ: ಹತ್ತಿರ ಇರೋದು ತಪ್ಪೇನ್ರೀ? ನಿಮ್ಮ ಆಫೀಸು ನಡೆದ್ರೆ ಹತ್ತು ನಿಮಿಷ, ನನ್ನ ಸ್ಕೂಲು ಈ ಬೀದಿ ಕೊನೇಲಿ. ಮಾರ್ಕೆಟ್ಟು, ದೇವಸ್ಥಾನ, ಡಾಕ್ಟರು, ಯಾವುದಕ್ಕೂ ಬಸ್ಸು ಹತ್ಬೇಕಾಗಿಲ್ಲ. ಕರೆಂಟು, ನೀರು ಎರಡೂ ಬಾಡಿಗೇಲೇ ಸೇರಿದೆ.

ಸಿದ್ದಬಸಪ್ಪ: ಮನುಷ್ಯನಿಗೆ ಸ್ವಲ್ಪ ದೂರ ಇರ್ಬೇಕು ಕಣೇ. ಬಸ್ಸಲ್ಲಿ ಕೂತ್ರೆ ನಾಲ್ಕು ವಿಚಾರ ಹೊಳೆಯುತ್ತೆ.

ಮಹಾನಂದ: ನಿಮಗೆ ಬಸ್ಸಲ್ಲಿ ಸೀಟು ಸಿಕ್ಕಿದ್ದು ಯಾವ ಕಾಲದಲ್ಲಿ?

ಚಾಮರಾಜಪೇಟೆಯ ಆ ಮಹಡಿ ಮನೆಯ ಮೆಟ್ಟಿಲ ಮೇಲೆ ಸಿದ್ದಬಸಪ್ಪ ನಿಂತುಬಿಟ್ಟ. ಅವನ ಸಂಕಟ ಹೆಂಡತಿಯ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಈಗ ವಾಸ ಯಶವಂತಪುರದ ಆಚೆ, ಎರಡು ಬಸ್ಸಿನ ದಾರಿ. ಸಂಜೆ ಆಫೀಸು ಬಿಟ್ಟವನು ಗೆಳೆಯರ ಜೊತೆ ಹೋಟೆಲಿನಲ್ಲಿ ದೋಸೆ, ಕಾಫಿ, ಹರಟೆ ಎಲ್ಲ ಮುಗಿಸಿ, ಒಂಬತ್ತಕ್ಕೆ ಮನೆ ಸೇರಿ ‘ಬಸ್ಸು ಸಿಗಲಿಲ್ಲ’ ಅಂದರೆ ಸಾಕಾಗುತ್ತಿತ್ತು. ಹತ್ತು ನಿಮಿಷದ ನಡಿಗೆಗೆ ಯಾವ ಬಸ್ಸನ್ನು ದೂರುವುದು? ತಾನಾಗಿ ಬೇಡ ಅನ್ನುವ ಧೈರ್ಯವಿಲ್ಲ. ಮನೆಯೊಡತಿಯೇ ಬೇಡ ಅನ್ನುವಂತೆ ಮಾಡಬೇಕು. ಹೋದ ತಿಂಗಳು ಬಸವನಗುಡಿಯಲ್ಲಿ ಈ ಉಪಾಯ ಸಲೀಸಾಗಿ ನಡೆದಿತ್ತು.

ಮೇಲೆ ಮನೆಯೊಡತಿ ದಾಕ್ಷಾಯಣಮ್ಮ ಬೀಗ ತೆಗೆದು ಕಾಯುತ್ತಿದ್ದರು. ಅರವತ್ತು ದಾಟಿದ ಜೀವ, ಹಣೆಯ ತುಂಬ ವಿಭೂತಿ.

ದಾಕ್ಷಾಯಣಮ್ಮ: ಬನ್ನಿ, ಬನ್ನಿ. ಗಾಳಿ ಬೆಳಕು ನೋಡಿ, ಧಾರಾಳ.

ಸಿದ್ದಬಸಪ್ಪ: ಅಮ್ಮಾ, ಮೊದಲೇ ಹೇಳ್ಬಿಡ್ತೀನಿ. ನಮ್ಮಂಥೋರಿಗೆ ಕರೆಂಟು ನೀರು ಸೇರಿಸಿ ಕೊಟ್ರೆ ನೀವು ಮುಳುಗಿಹೋಗ್ತೀರಿ. ನಾನು ಸ್ನಾನಕ್ಕೆ ಕೂತ್ರೆ ಎರಡು ಹಂಡೆ ಬಿಸಿನೀರು ಖಾಲಿ.

ದಾಕ್ಷಾಯಣಮ್ಮ: ಒಳ್ಳೇದೇ ಆಯ್ತು! ಹಿತ್ತಲಲ್ಲಿ ತೆಂಗಿನ ಮಟ್ಟೆ ರಾಶಿ ಬಿದ್ದಿದೆ. ಒಲೆಗೆ ಹಾಕೋರೇ ಇರ್ಲಿಲ್ಲ.

ಸಿದ್ದಬಸಪ್ಪ: ರೇಡಿಯೋ ಬೆಳಗಿಂದ ರಾತ್ರಿ ತನಕ ಹಾಡ್ತಾನೇ ಇರ್ಬೇಕು ನನಗೆ. ಜೋರಾಗಿ.

ದಾಕ್ಷಾಯಣಮ್ಮ: ಇನ್ನೂ ಜೋರಾಗಿ ಹಾಕಿ. ನನಗೆ ಕಿವಿ ಮಂದ. ಕೆಳಗೆ ಕೂತೇ ವಾರ್ತೆ ಕೇಳ್ಕೋತೀನಿ.

ಸಿದ್ದಬಸಪ್ಪ: ನಮಗೆ ನೆಂಟರು ಜಾಸ್ತಿ!

ದಾಕ್ಷಾಯಣಮ್ಮ: ದಂಟಾ? ಮೂಲೆ ಅಂಗಡೀಲಿ ದಿನಾ ಬರುತ್ತೆ. ಎಳೇದು.

ಸಿದ್ದಬಸಪ್ಪ: ದಂಟಲ್ಲ ಅಮ್ಮಾ, ನೆಂಟ್ರು! ಚಿಕ್ಕಪ್ಪ, ದೊಡ್ಡಪ್ಪ, ಅವರ ಮಕ್ಕಳು ಮರಿ. ಬಂದ್ರೆ ವಾರಗಟ್ಟಲೆ ಏಳಲ್ಲ.

ದಾಕ್ಷಾಯಣಮ್ಮ: ಬರ್ಲಿ ಬಿಡಿ. ಗೋಡೆ ಜೊತೆ ಎಷ್ಟೂಂತ ಮಾತಾಡ್ಲಿ ನಾನೊಬ್ಬಳೇ?

ಬಸವನಗುಡಿಯ ಮನೆಯವರು ನೆಂಟರ ಮಾತಿಗೇ ಬಾಗಿಲು ತೋರಿಸಿದ್ದರು. ಸಿದ್ದಬಸಪ್ಪ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

ಸಿದ್ದಬಸಪ್ಪ: ರಾತ್ರಿಯೆಲ್ಲಾ ಲೈಟು ಉರೀತಿರ್ಬೇಕು! ಕತ್ತಲಂದ್ರೆ ನನಗೆ ಭಯ.

ದಾಕ್ಷಾಯಣಮ್ಮ ತಬ್ಬಿಬ್ಬಾದರು. ಮಹಾನಂದಳ ಕಡೆ ನೋಡಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ನಡೆದಳು.

ದಾಕ್ಷಾಯಣಮ್ಮ: ಭಯಾನಾ... ಉರೀಲಿ, ಉರೀಲಿ. ಬೀದಿ ದೀಪ ಬೇರೆ ಕೆಟ್ಟಿದೆ. ಓಡಾಡೋರೆಲ್ಲ ನಿಮ್ಮನ್ನ ಹರಸ್ತಾರೆ. ಆದ್ರೆ ಒಂದು ಕಂಡೀಷನ್ನು. ಎಂಟು ಗಂಟೆಗೆ ಮುಂಬಾಗಿಲಿಗೆ ಚಿಲಕ.

ಸಿದ್ದಬಸಪ್ಪನಿಗೆ ದೋಸೆಯ ವಾಸನೆ ದೂರ ದೂರ ಹೋದಂತಾಯಿತು. ಕೊನೆಯದಾಗಿ ಹೆಂಡತಿಯನ್ನೇ ಒಲಿಸೋಣವೆಂದು ಅಡುಗೆಮನೆಗೆ ಹೋದ.

ಮಹಾನಂದ ನಲ್ಲಿ ತಿರುಗಿಸಿ, ಬೀಳುವ ನೀರಿಗೆ ಕೈಯೊಡ್ಡಿ ನಿಂತಿದ್ದಳು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಯಶವಂತಪುರದಲ್ಲಿ ಇವನು ಮುಸುಕು ಹೊದ್ದು ಮಲಗಿರುವಾಗಲೇ ಬೀದಿ ನಲ್ಲಿಯ ಸಾಲಿನಲ್ಲಿ ನಿಂತು, ಕೊಡ ಹೊತ್ತು ತಂದು, ಆಮೇಲೆ ಬಸ್ಸಿಗೆ ಓಡುವವಳು ಅವಳು. ಅವಳಿಗೂ ಅದೇ ಎರಡು ಬಸ್ಸು ಎಂಬುದು ಅವನಿಗೆ ಆಗ ಹೊಳೆಯಿತು.

ಮಹಾನಂದ: ನಿಮಗೆ ಅಷ್ಟೊಂದು ಬೇಡವಾಗಿದ್ರೆ ಬಿಡಿ. ಬೇರೆ ಕಡೆ ನೋಡೋಣ.

ಅವನು ಹೊರಗೆ ಬಂದು, ದಾಕ್ಷಾಯಣಮ್ಮನವರ ಹತ್ತಿರ ನಿಂತು ತೀರಾ ಮೆಲ್ಲಗೆ ಹೇಳಿದ.

ಸಿದ್ದಬಸಪ್ಪ: ಅಮ್ಮಾ, ನಾನು ಹೇಳಿದ್ದೆಲ್ಲಾ ಸುಳ್ಳು. ನನಗೆ ಒಂದು ಬಕೆಟ್ಟು ನೀರು ಸಾಕು. ಮನೇಲಿ ರೇಡಿಯೋನೇ ಇಲ್ಲ. ದಯವಿಟ್ಟು ಈ ಮನೆ ನಮಗೇ ಕೊಡಿ.

ದಾಕ್ಷಾಯಣಮ್ಮ: ಗೊತ್ತಪ್ಪಾ.

ಸಿದ್ದಬಸಪ್ಪ: ಇಷ್ಟು ಮೆಲ್ಲಗೆ ಹೇಳಿದ್ದು ಕೇಳಿಸ್ತಾ?

ದಾಕ್ಷಾಯಣಮ್ಮ: ನನ್ನ ಕಿವಿಗೇನಾಗಿದೆ? ನಿನ್ನೇನೇ ಮಹಾನಂದ ಬಂದು ಹೇಳಿ ಹೋಗಿದ್ಲು. ‘ಬಸವನಗುಡಿ ಮನೇನ ಹಿಂಗೇ ತಪ್ಪಿಸಿದ್ರು. ಬಿಸಿನೀರು ಅಂತಾರೆ, ರೇಡಿಯೋ ಅಂತಾರೆ, ನೆಂಟರು ಅಂತಾರೆ, ನೀವು ಎಲ್ಲದಕ್ಕೂ ಹೂಂ ಅನ್ನಿ’ ಅಂತ. ಆ ಕತ್ತಲೆ ಭಯ ಒಂದು ಹೇಳಿರ್ಲಿಲ್ಲ ನೋಡಿ, ಒದ್ದಾಡಿಬಿಟ್ಟೆ.

ಮಹಾನಂದ: ಅದು ನನಗೂ ಹೊಸದು ಅಮ್ಮಾ.

ಸಿದ್ದಬಸಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಹೆಂಡತಿಯನ್ನು ದುರುಗುಟ್ಟಿ ನೋಡಲು ಹೋಗಿ ನಕ್ಕುಬಿಟ್ಟ. ಒಳಗೊಳಗೇ ಒಂದು ಆಸೆಯೂ ಚಿಗುರಿತು.

ಸಿದ್ದಬಸಪ್ಪ: ಹಾಗಾದ್ರೆ ಎಂಟು ಗಂಟೆ ಚಿಲಕಾನೂ ಇವಳು ಹೇಳ್ಕೊಟ್ಟಿದ್ದೇ ತಾನೆ?

ದಾಕ್ಷಾಯಣಮ್ಮ: ಅಯ್ಯೋ, ಅದಲ್ಲಪ್ಪ. ಅದು ನಮ್ಮ ಯಜಮಾನರು ಇದ್ದಾಗಿಂದ ಇದೆ. ಅವರ ಅಂಗಡಿ ಇಲ್ಲೇ ತರಗುಪೇಟೇಲಿ, ನಡೆದೇ ಬರೋ ದಾರಿ. ಆದ್ರೂ ಪಾಪ, ದಿನಾ ಸಂಜೆ ಅವರಿಗೆ ಬಸ್ಸು ಸಿಗ್ತಿರ್ಲಿಲ್ಲ.