ಅರ್ಧಕ್ಕೆ ನಿಂತ ಹೆರಿಗೆ

ಬುಧವಾರ ಬೆಳಿಗ್ಗೆ ಹಲಸೂರಿನ ಪಿಳ್ಳಮ್ಮನ ವಠಾರದಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡು ಬಿತ್ತು. ಹಗ್ಗದ ಮೇಲಿದ್ದದ್ದು ಪಕ್ಕದ ಕೋಣೆಯ ಟೈಲರ್ ಪರ್ವೀನಳ ಗಿರಾಕಿಗಳ ರವಿಕೆಗಳು. ಅವೆಲ್ಲ ನಲ್ಲಿಯ ಸುತ್ತಲಿನ ಕೆಸರಿನಲ್ಲಿ ತೋಳು ಚಾಚಿಕೊಂಡು, ಉರುಳುಸೇವೆಗೆ ಸಾಲಾಗಿ ಮಲಗಿದ ಹೆಂಗಸರಂತೆ ಬಿದ್ದಿದ್ದವು.

ಹಗ್ಗ ಬಿಚ್ಚಿದವಳು ಕೊನೆಯ ಕೋಣೆಯ ಮಾನಮ್ಮ. ತುಂಬು ಬಸುರಿ. ಹಗ್ಗವೊಂದನ್ನೇ ಅಲ್ಲ, ಗೇಟಿನ ಬೀಗವನ್ನೂ ಅವಳು ತೆಗೆದಿಟ್ಟಿದ್ದಳು. ಮನೆಯೊಡತಿ ಪಿಳ್ಳಮ್ಮನ ಕೋಳಿಗಳು ಆಗಲೇ ಬೀದಿ ಸೇರಿದ್ದವು. ತನ್ನ ಕೋಣೆಯಲ್ಲಿ ಟ್ರಂಕಿನ ಮುಚ್ಚಳ ತೆರೆದು, ಜೋಳದ ಚೀಲದ ಬಾಯಿ ಬಿಚ್ಚಿ, ಗಂಡನ ಪೇಂಟ್ ಬ್ರಷ್ಷುಗಳ ಕಟ್ಟನ್ನೂ ಸಡಿಲಿಸಿದ್ದಳು.

"ಏನಮ್ಮಾ ಇದು, ನನ್ ಗೇಟ್ ಬೀಗ ಯಾಕ್ ತೆಗ್ದೆ?" ಎಂದು ಪಿಳ್ಳಮ್ಮ ಕೋಲು ಹಿಡಿದು ಬಂದಳು.

"ಗಿರಿಜವ್ವ ಬ್ಯಾನಿ ತಿನ್ನಾಕತ್ಯಾಳಲ್ರಿ ಅಕ್ಕಾ. ಎಲ್ಲಾ ಕಡಿ ಗಂಟು ಹಾಕಿ, ಬೀಗ ಜಡಿದು ಕುಂತ್ರ ಕೂಸು ಹ್ಯಾಂಗ ಹೊರಗ ಬರಬೇಕು?" ಎಂದಳು ಮಾನಮ್ಮ.

ಪಿಳ್ಳಮ್ಮ ಕೋಲು ಇಳಿಸಿದಳು. ಗಿರಿಜೆಯ ಹೆಸರು ಬಂದಮೇಲೆ ಆ ವಠಾರದಲ್ಲಿ ಯಾರೂ ಜೋರು ಮಾತಾಡುವಂತಿರಲಿಲ್ಲ.

ಗಿರಿಜೆ ಎಂದರೆ 'ತವರಿಲ್ಲದ ಗಿರಿಜೆ' ಧಾರಾವಾಹಿಯ ನಾಯಕಿ. ದಿನಾ ಸಂಜೆ ಏಳೂವರೆಗೆ ಪಿಳ್ಳಮ್ಮನ ನಡುಮನೆಯ ಟೀವಿಯಲ್ಲಿ ಬರುತ್ತಿದ್ದಳು. ಗಂಡ ಶೇಖರ ದುಬೈಯಲ್ಲಿ. ಮನೆಯಲ್ಲಿದ್ದವನು ಭಾವ ಭುಜಂಗ, ಆಸ್ತಿಯ ಮೇಲೆ ಕಣ್ಣಿಟ್ಟ ನೀಚ. ಕಳೆದ ಶುಕ್ರವಾರ ಅವನು ತುಂಬು ಗರ್ಭಿಣಿಯನ್ನು ಮೆಟ್ಟಿಲ ಮೇಲಿಂದ ತಳ್ಳಿದ್ದ. ಗಿರಿಜೆಯನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋದರು, ಬಾಗಿಲ ಮೇಲೆ ಕೆಂಪು ಬಲ್ಬು ಹತ್ತಿತು, 'ಮುಂದುವರಿಯುವುದು' ಎಂದು ಬಂತು. ಆದರೆ ಮುಂದುವರಿಯಲಿಲ್ಲ. ಸೋಮವಾರ ಏಳೂವರೆಗೆ ಯಾರೋ ದಪ್ಪನೆಯ ಮನುಷ್ಯ ಅಣಬೆ ಹುರಿಯುತ್ತಿದ್ದ. ಮಂಗಳವಾರವೂ ಅವನೇ. ಕೇಬಲ್‌ನವನನ್ನು ಕೇಳಿದರೆ, "ಅದು ನಿಂತೋಯ್ತಕ್ಕಾ, ಇನ್ ಬರಲ್ಲ" ಎಂದುಬಿಟ್ಟ.

ಮಾನಮ್ಮನ ಗಂಡ ಜಟ್ಟೆಪ್ಪ ದೇವದುರ್ಗದ ಕಡೆಯವನು, ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ. ಧಾರಾವಾಹಿ ನಿಂತ ಸುದ್ದಿ ಕೇಳಿ ಮೊದಲು ಖುಷಿಪಟ್ಟವನು ಅವನೊಬ್ಬನೇ. ಇನ್ನಾದರೂ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಸಿಕ್ಕೀತು ಎಂದುಕೊಂಡಿದ್ದ. ಆದರೆ ಅವತ್ತಿನಿಂದ ಮನೆಯಲ್ಲಿ ಒಲೆಯೇ ಹತ್ತಲಿಲ್ಲ. ಮಾನಮ್ಮನ ಅಜ್ಜಿ ಹೇಳಿಕೊಟ್ಟಿದ್ದಳಂತೆ: ಓಣಿಯಲ್ಲಿ ಒಬ್ಬಳು ಹೆರಿಗೆಗೆ ಕೂತಿದ್ದರೆ, ಕೂಸಿನ ದನಿ ಕೇಳುವವರೆಗೆ ಇನ್ನೊಬ್ಬ ಬಸುರಿ ಉಣ್ಣಬಾರದು, ಉಂಡರೆ ಇಬ್ಬರಿಗೂ ಕಷ್ಟ. ಮದುವೆಯಾಗಿ ಏಳು ವರ್ಷದ ಮೇಲೆ ನಿಂತ ಬಸಿರು. ಅದೂ ಗಿರಿಜೆಗೆ ವಾಂತಿ ಶುರುವಾದ ವಾರವೇ ಇವಳಿಗೂ ಶುರುವಾಗಿತ್ತು. ಹಾಗಾಗಿ ಗಿರಿಜೆಯ ಕೂಸು ಹೊರಗೆ ಬರದೆ ತನ್ನದೂ ಬರುವುದಿಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಬರೀ ಅಂಗಡಿ ಚಹಾದ ಮೇಲೆ ಇದ್ದಳು. "ರಕ್ತ ಕಮ್ಮಿ ಇದೆ, ಚೆನ್ನಾಗಿ ಊಟ ಮಾಡಿಸಿ, ಇಲ್ದಿದ್ರೆ ಮಗೂಗೆ ತೊಂದ್ರೆ" ಎಂದು ಹೆರಿಗೆ ಆಸ್ಪತ್ರೆಯ ನರ್ಸು ಹೇಳಿದ್ದು ಜಟ್ಟೆಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

"ಮಾನವ್ವ, ಅದು ಟೀವಿ ಐತಿ. ಆಕಿ ಹೊಟ್ಟಿಗೆ ಕಟ್ಟಿರೋದು ದಿಂಬು."

"ದಿಂಬಿಗೆ ಯಾರಾರ ಅಷ್ಟು ಚೀರ್ತಾರೇನ್ರಿ?"



ಪಿಳ್ಳಮ್ಮನಿಗೆ ಒಂದು ಉಪಾಯ ಹೊಳೆಯಿತು. "ಲೋ ಜಟ್ಟೆಪ್ಪ, ಆ ಸೀರಿಯಲ್ ಮನೆಗೆ ಬಣ್ಣ ಹೊಡ್ದೋನು ನಾನೇ ಅಂತ ಅವತ್ತು ವಠಾರಕ್ಕೆಲ್ಲಾ ಹೇಳ್ಕೊಂಡ್ ಮೆರೆದ್ಯಲ್ಲ? ಹೋಗಿ ಕೇಳ್ಕೊಂಡ್ ಬಾ. ಅವಳಿಗೆ ಹೆರಿಗೆ ಆಗೋವರ್ಗೂ ನನ್ ಕೋಳಿ ಬೀದೀಲೇ ಇರ್ಬೇಕಾ?"

"ಹೋಗಿ ಬನ್ನಿ ಅಣ್ಣಾ," ಎಂದಳು ಪರ್ವೀನ್, ಕೆಸರಾದ ರವಿಕೆಗಳನ್ನು ಬಕೆಟ್ಟಿಗೆ ತುಂಬುತ್ತ. "ಬಚ್ಚಾ ಆಯ್ತಾ ಇಲ್ವಾ ಖಬರ್ ತನ್ನಿ. ನಮ್ಗೂ ನಿದ್ದೆ ಬರ್ತಿಲ್ಲ."

ಜಟ್ಟೆಪ್ಪ ಕೆಲಸದ ಪ್ಯಾಂಟು ಏರಿಸಿದ. ಅದನ್ನು ಸೊಂಟಕ್ಕೆ ನಿಲ್ಲಿಸುತ್ತಿದ್ದದ್ದು ಒಂದು ನೈಲಾನ್ ದಾರ. ಮಾನಮ್ಮ ಆ ದಾರವನ್ನು ಸರಕ್ಕನೆ ಎಳೆದುಕೊಂಡಳು.

"ಇದೂ ಗಂಟ ಅಲ್ಲೇನು? ಸುದ್ದಿ ಸಿಗೋತನಕ ಗಂಟು ಹಾಕಂಗಿಲ್ಲ ಅಂತ ನನ್ನ ಹೊಟ್ಟಿ ಮ್ಯಾಲ ಕೈಯಿಟ್ಟು ಆಣಿ ಮಾಡ್ರಿ."

ಹೊಟ್ಟೆಯ ಮೇಲೆ ಕೈಯಿಟ್ಟ. ಒಳಗಿನಿಂದ ಒಂದು ಒದೆ ಬಿತ್ತು. ಅಷ್ಟಾದಮೇಲೆ ಮೋಸ ಮಾಡುವುದು ಹೇಗೆ? ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಹೊರಟ.

ಬಸ್ಸಿನಲ್ಲಿ ಬಲಗೈ ಮೇಲಿನ ಕಂಬಿಗೆ, ಎಡಗೈ ಪ್ಯಾಂಟಿಗೆ. ಕಂಡಕ್ಟರ್ ಬಂದು "ಟಿಕೆಟ್ ತಗೋ ಗುರು" ಎಂದ. ಜೇಬಿಗೆ ಹಾಕಲು ಮೂರನೆಯ ಕೈ ಇರಲಿಲ್ಲ. ಕಂಬಿ ಬಿಟ್ಟರೆ ಮುಂದಿನ ಸೀಟಿನ ಅಜ್ಜಿಯ ಮೇಲೆ ಬೀಳುತ್ತಾನೆ; ಪ್ಯಾಂಟು ಬಿಟ್ಟರೆ ಪೊಲೀಸರ ಕೈಗೆ ಬೀಳುತ್ತಾನೆ. ಮುಂದಿನ ಸ್ಟಾಪಿನಲ್ಲೇ ಇಳಿದು ಬೆನ್ಸನ್ ಟೌನಿಗೆ ನಡೆದ.

ಶೂಟಿಂಗ್ ಬಂಗಲೆಯ ಗೇಟಿನಲ್ಲಿ ವಾಚ್‌ಮನ್ ಶ್ರೀರಾಮಪ್ಪ ಕೂತು ಅವರೆಕಾಯಿ ಸುಲಿಯುತ್ತಿದ್ದ. ಹಿಂದೆ ಕಾರ್ ಶೆಡ್ಡು ಕಾಣುತ್ತಿತ್ತು. ಅದರ ಗೋಡೆಗೆ ಜಟ್ಟೆಪ್ಪನೇ ಹೊಡೆದ ತಿಳಿಹಸಿರು ಬಣ್ಣ. ಟೀವಿಯಲ್ಲಿ ಅದೇ ಆಸ್ಪತ್ರೆಯಾಗಿತ್ತು; ಗಿರಿಜೆಯನ್ನು ತಳ್ಳಿಕೊಂಡು ಹೋದದ್ದು ಅದೇ ಬಾಗಿಲೊಳಗೆ. ಮೇಲಿನ ಹೋಲ್ಡರಿನಲ್ಲಿ ಈಗ ಬಲ್ಬು ಇರಲಿಲ್ಲ. ಜಟ್ಟೆಪ್ಪನಿಗೆ ತಾನೇ ನಂಬದಿದ್ದ ಸಂಗತಿಗೆ ಎದೆ ಧಸಕ್ಕೆಂದಿತು.

"ಅಣ್ಣಾ, ಗಿರಿಜವ್ವಂದು... ಹೆರಿಗಿ... ಏನಾತು?"

"ಆಗೋಯ್ತಲ್ಲ ಗುರು!" ಎಂದ ಶ್ರೀರಾಮಪ್ಪ. "ಮೇಡಂ ನಿಜವಾಗ್ಲೂ ಬಸ್ರಿ. ಅದಕ್ಕೇ ಕತೇಲೂ ಬಸ್ರಿ ಮಾಡಿದ್ರು. ಶುಕ್ರವಾರ ಬೆಳಿಗ್ಗೆ ತೆಗ್ದು ಸಾಯಂಕಾಲಕ್ಕೆ ಟೀವೀಲಿ ಹಾಕೋ ಆತುರ. ಆಯಮ್ಮ ಕಿರುಚ್ತಿದ್ರೆ ಡೈರೆಕ್ಟ್ರು, 'ಸೂಪರ್ ಆ್ಯಕ್ಟಿಂಗ್, ಇನ್ನೂ ಸ್ವಲ್ಪ' ಅಂತಾರೆ. ಅಲ್ಲಿ ನೋಡಿದ್ರೆ ನಿಜವಾದ್ ನೋವು! ಫ್ರೇಜರ್ ಟೌನ್ ನರ್ಸಿಂಗ್ ಹೋಮಿಗೆ ಹೊತ್ಕೊಂಡ್ ಓಡಿದ್ವಿ. ಹೀರೋಯಿನ್ ತಿಂಗಳುಗಟ್ಲೆ ಬರಲ್ಲ ಅಂದ್ರೆ ಚಾನೆಲ್‌ನೋರು ಕಾಯ್ತಾರಾ? ನಿಲ್ಸೇಬಿಟ್ರು."

"ಕೂಸು?"

"ಅದು ನಂಗೇನ್ ಗೊತ್ತು? ಮಸೀದಿ ರಸ್ತೆ ಹಿಂದೇನೇ ಐತೆ, ಹೋಗಿ ನೋಡು."

ಜಟ್ಟೆಪ್ಪ ದಾರಿಯುದ್ದಕ್ಕೂ ಹೆಂಡತಿಯ ಬಗ್ಗೆ ಯೋಚಿಸಿದ. ಟೀವಿಯೊಳಗಿನ ಚೀರಾಟ ಕೇಳಿಯೇ ದಿಂಬಲ್ಲ ಎಂದು ಗೊತ್ತುಮಾಡಿಕೊಂಡಿದ್ದಾಳಲ್ಲ!

ನರ್ಸಿಂಗ್ ಹೋಮಿನ ಮಹಡಿಯಲ್ಲಿ ಒಬ್ಬ ನರ್ಸು ಅಡ್ಡಗಟ್ಟಿದಳು. "ಯಾರ್ರೀ ನೀವು? ಗಿರಿಜಾ ಅಂತ ಯಾರೂ ಇಲ್ಲ ಇಲ್ಲಿ. ಮೊದ್ಲು ಆ ಕೈ ತೆಗ್ದು ನೆಟ್ಟಗೆ ನಿಂತ್ಕೊಳಿ."

"ಕೈ ತೆಗಿಯಾಕ ಬರಂಗಿಲ್ರಿ ಸಿಸ್ಟರ್..."

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಹೊರಗೆ ಬಂದವನನ್ನು ನೋಡಿ ಜಟ್ಟೆಪ್ಪನ ನೆತ್ತಿಗೆ ರಕ್ತ ಏರಿತು. ಅದೇ ಮೀಸೆ, ಅದೇ ಹುಬ್ಬು. ಭುಜಂಗ! ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು. ಮೆಟ್ಟಿಲ ಕಡೆಗೇ ಬರುತ್ತಿದ್ದಾನೆ.

"ಯಲೇ ಭುಜಂಗಾ! ತಾಯಿನ ತಳ್ಳಿದ್ದು ಸಾಲಲಿಲ್ಲೇನು? ಕೂಸು ಕೆಳಗ ಇಡಲೇ!" ಎಂದು ಎರಡೂ ಕೈ ಎತ್ತಿ ನುಗ್ಗಿದ.

ಎರಡೂ ಕೈ ಎತ್ತಬಾರದಿತ್ತು. ಪ್ಯಾಂಟು ಪಾದಕ್ಕೆ ಇಳಿಯಿತು. ಪುಣ್ಯಕ್ಕೆ ಅಂಗಿ ಉದ್ದವಿತ್ತು. ನರ್ಸು ಫೈಲಿನಿಂದ ಮುಖ ಮುಚ್ಚಿಕೊಂಡಳು.

"ಅಣ್ಣಾ," ಎಂದ ಭುಜಂಗ, ಟೀವಿಯಲ್ಲಿ ಎಂದೂ ಕೇಳದ ಮೆತ್ತನೆಯ ದನಿಯಲ್ಲಿ, "ಮೊದ್ಲು ಪ್ಯಾಂಟ್ ಏರಿಸ್ಕೊಳಿ. ಇದು ನನ್ ಮಗೂನೇ. ಒಳಗಿರೋರು ನನ್ ಹೆಂಡ್ತಿ. ನಿಜವಾಗ್ಲೂ."

ಒಳಗೆ ಗಿರಿಜೆ ಆಪರೇಷನ್ನಿನ ಹೊಲಿಗೆ ಹಿಡಿದುಕೊಂಡು ನಗುತ್ತಿದ್ದಳು. ಜಟ್ಟೆಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ: ಹಗ್ಗ, ಕೋಳಿ, ಉಪವಾಸ. ಹೇಳುತ್ತ ಹೋದಂತೆ ಅವಳ ನಗು ನಿಂತಿತು.

"ನಾನ್ ಹೇಳ್ದೆ ಅಂತ ಹೇಳಿ ಅಣ್ಣಾ, ಅವರು ಮೊದ್ಲು ಊಟ ಮಾಡ್ಲಿ. ನಾನೂ ಮಗೂನೂ ಆರಾಮಾಗಿದೀವಿ."

ಆಗ ಕೂಸು ಅತ್ತಿತು. ಎಳೆಗರು ಕೂಗಿದ ಹಾಗೆ, ಸಣ್ಣಗೆ, ಗಟ್ಟಿಯಾಗಿ. ಜಟ್ಟೆಪ್ಪನ ಎದೆಯ ಮೇಲಿನ ಭಾರ ಸರಕ್ಕನೆ ಇಳಿಯಿತು. ನರ್ಸು ಕೊಟ್ಟ ಬ್ಯಾಂಡೇಜಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಭದ್ರವಾಗಿ ಗಂಟು ಹಾಕಿದ.

ವಠಾರಕ್ಕೆ ಕಾಲಿಡುತ್ತಲೇ ಕೂಗಿದ: "ಹೆಣ್ಣುಕೂಸು! ತಾಯಿ ಕೂಸು ಇಬ್ರೂ ಆರಾಮ್ ಅದಾರ! ಕಣ್ಣಾರೆ ನೋಡೀನಿ, ಕಿವ್ಯಾರೆ ಕೇಳೀನಿ!"

ಪಿಳ್ಳಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಹಗ್ಗ ಮತ್ತೆ ಬಿಗಿಯಿತು, ಕೋಳಿಗಳು ಒಳಗೆ ಬಂದವು. ಮಾನಮ್ಮ ಕಣ್ಣೊರೆಸಿಕೊಂಡು ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸದ್ದು ಕೇಳಿ ಜಟ್ಟೆಪ್ಪನಿಗೆ ಊರಿಗೇ ಹೋಗಿಬಂದಷ್ಟು ಹಿತವಾಯಿತು. ಪುಂಡಿಪಲ್ಯದ ಜೊತೆ ಅವಳು ಮೊದಲ ತುತ್ತು ಬಾಯಿಗಿಟ್ಟಾಗ ಅವನು ಗೋಡೆಗೊರಗಿ ದೊಡ್ಡ ಉಸಿರು ಬಿಟ್ಟ. ತನ್ನ ಪಾಲು ಬುಟ್ಟಿಯಲ್ಲಿತ್ತು. ಅವಳು ಹೊಟ್ಟೆ ತುಂಬ ಉಣ್ಣಲಿ, ಆಮೇಲೆ ತಾನು ಎಂದುಕೊಂಡ.

ಬಾಗಿಲಲ್ಲಿ ನಿಂತಿದ್ದ ಪರ್ವೀನ್ ಕೇಳಿದಳು: "ಬಚ್ಚಿ ಯಾರ್ ಥರಾ ಐತೆ ಅಣ್ಣಾ? ಅಮ್ಮನ ಥರಾನಾ?"

ಜಟ್ಟೆಪ್ಪ ಸಂತೋಷದಲ್ಲಿದ್ದ. ಸಂತೋಷದಲ್ಲಿ ಮನುಷ್ಯ ನಿಜ ಹೇಳುತ್ತಾನೆ. "ಎಲ್ಲಿ ಅಮ್ಮ? ಥೇಟ್ ಅಪ್ಪನ ಮುಖ. ಆ ಹುಬ್ಬು ನೋಡಬೇಕಿತ್ತು ನೀವು, ಭುಜಂಗಂದೇ!"



"ಯಾರಂದೆ?" ಎಂದಳು ಪಿಳ್ಳಮ್ಮ.

"ಭುಜಂಗ. ಕೂಸಿನ ಅಪ್ಪ. ಅವರಿಬ್ರೂ ನಿಜವಾಗ್ಲೂ..."

"ಅಯ್ಯಯ್ಯೋ! ಗಂಡ ದುಬೈನಲ್ಲಿ ಬೆವರು ಸುರಿಸ್ತಾವ್ನೆ, ಇವಳು ಭಾವನ ಜೊತೆ!" ಪಿಳ್ಳಮ್ಮ ಕೆನ್ನೆ ಬಡಿದುಕೊಂಡಳು. "ಸಕ್ಕರೆ ಬೇರೆ ಹಂಚ್ಬಿಟ್ನಲ್ಲಪ್ಪಾ!"

"ತೋಬಾ ತೋಬಾ," ಎಂದಳು ಪರ್ವೀನ್. "ಅದಕ್ಕೇ ಸೀರಿಯಲ್ ಬಂದ್ ಮಾಡಿದ್ದು! ಮನೆ ಮಂದಿ ಎಲ್ಲಾ ಕೂತು ನೋಡೋ ಹಾಗೇ ಇರ್ಲಿಲ್ಲ ಅಲ್ವಾ?"

"ಅಲ್ರವ್ವಾ, ಅದು ಬರೇ ಆ್ಯಕ್ಟಿಂಗು..." ಎಂದು ಜಟ್ಟೆಪ್ಪ ಎದ್ದು ನಿಂತ.

"ಹೊಟ್ಟಿ ನಿಜ ಅಂದ್ರಿ, ಕೂಸು ನಿಜ ಅಂದ್ರಿ," ಎಂದಳು ಮಾನಮ್ಮ. "ಇದೊಂದು ಮಾತ್ರ ಆ್ಯಕ್ಟಿಂಗೇನು?" ಅವಳ ಮುಖ ಕೆಂಪಾಗಿತ್ತು. ಬುಟ್ಟಿಗೆ ಕೈ ಹಾಕಿ ಒಂದು ರೊಟ್ಟಿ ಎತ್ತಿಕೊಂಡಳು. "ಇಂಥಾಕಿ ಸಲುವಾಗಿ ನಾ ಉಪಾಸ ಬಿದ್ನಲ್ಲ!" ಅದು ಮುಗಿಯಿತು. "ನನ್ನ ಕೂಸಿಗೂ ಉಪಾಸ ಹಾಕಿದ್ನಲ್ಲ!" ಇನ್ನೊಂದೂ ಮುಗಿಯಿತು. ಸಿಟ್ಟು ಏರಿದಷ್ಟೂ ಕೈ ಬೇಗ ಬೇಗ ಬುಟ್ಟಿಗೆ ಹೋಗಿಬರುತ್ತಿತ್ತು. ಜಟ್ಟೆಪ್ಪ ತಡೆಯಲಿಲ್ಲ. ಅವಳು ಉಣ್ಣಲಿ ಎಂದೇ ತಾನೆ ಊರೆಲ್ಲ ಅಲೆದದ್ದು? ಒಂದೊಂದು ರೊಟ್ಟಿ ಹೋದಾಗಲೂ ಅವನ ಮನಸ್ಸು ತಂಪಾಗುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು.

ಕೊನೆಯ ಚೂರಿನಿಂದ ಪಲ್ಯದ ಬಟ್ಟಲನ್ನೂ ಒರೆಸಿ ತಿಂದು, ಮಾನಮ್ಮ ಖಾಲಿ ಬುಟ್ಟಿ ಬೋರಲು ಹಾಕಿದಳು.

"ನಂಗ?" ಎಂದ ಜಟ್ಟೆಪ್ಪ ಮೆಲ್ಲಗೆ.

"ಭುಜಂಗನ ಮನಿಗೇ ಹೋಗ್ರಿ," ಎಂದು ಅವಳು ತೃಪ್ತಿಯಿಂದ ತೇಗಿದಳು. "ಬೀಗರಂಗ ಕುಂದ್ರಿಸಿ ಉಣ್ಣಾಕ ನೀಡ್ತಾನ."