ವಾಲ್ವ್ ಪೆಟ್ಟಿಗೆಯ ಕಂಠ ಹಿಡಿಯಲು ಹೋಗಿ

"ಇನ್ನು ಹದಿನೈದೇ ದಿನ. ಅಷ್ಟರೊಳಗೆ ಇದರ ಕಂಠವನ್ನು ಕಂಪ್ಯೂಟರಿಗೆ ಇಳಿಸದಿದ್ದರೆ ನನ್ನ ಹೆಸರು ವಸಂತನೇ ಅಲ್ಲ" ಎಂದು ವಸಂತ ಅಕ್ಕಿರೊಟ್ಟಿಯ ತಟ್ಟೆಯ ಮುಂದೆ ಶಪಥ ಮಾಡಿದ.

"ಬೇರೆ ಹೆಸರು ಒಂದನ್ನು ಯೋಚನೆ ಮಾಡಿ ಇಟ್ಕೊಂಡಿರಿ" ಎಂದಳು ಹೆಂಡತಿ ಹೇಮಶ್ರೀ, ರೊಟ್ಟಿ ಮಗುಚುತ್ತ.

ಶಪಥಕ್ಕೆ ಕಾರಣವಾದ ವಸ್ತು ಪಡಸಾಲೆಯ ಮೂಲೆಯಲ್ಲಿ ಕೂತಿತ್ತು. ನೋಡಿದವರು ಹಳೆಯ ಟ್ರಂಕು ಅಂದುಕೊಳ್ಳಬೇಕು, ಹಾಗಿತ್ತು. ಅದು ಗಿಟಾರಿನ ಸದ್ದನ್ನು ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರ್. ಅರವತ್ತೆರಡನೇ ಇಸವಿಯಲ್ಲಿ ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಹಡಗು ಹತ್ತಿ ಬಂದು, ಹಾನುಬಾಳು ಕಡೆಯ ಒಂದು ಎಸ್ಟೇಟ್ ಕ್ಲಬ್ಬಿನಲ್ಲಿ ದೊರೆಗಳನ್ನು ಕುಣಿಸಿ, ದೊರೆಗಳು ಹೋದ ಮೇಲೆ ಗೋಣಿಚೀಲಗಳ ಅಡಿಯಲ್ಲಿ ಮೂವತ್ತು ವರ್ಷ ತಪಸ್ಸು ಮಾಡಿ, ಕೊನೆಗೆ ಹರಾಜಿನಲ್ಲಿ ವಸಂತನ ಪಾಲಾಗಿತ್ತು. ವಸಂತನಿಗೆ ಹತ್ತು ಎಕರೆ ಕಾಫಿ ತೋಟವಿತ್ತು, ಹಾಸನದ ಕಾಲೇಜಿನಲ್ಲಿ ಕಲಿತ ಗಿಟಾರ್ ಇತ್ತು, ಮತ್ತು ಈ ಪೆಟ್ಟಿಗೆಯಂಥ ನಾದ ಭೂಮಂಡಲದಲ್ಲೇ ಇನ್ನೊಂದಿಲ್ಲ ಎಂಬ ನಂಬಿಕೆಯಿತ್ತು.

ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ದಿನಾ ಸಂಜೆ ಐದಕ್ಕೆ ತೋಟದ ಕೆಲಸ ಮುಗಿಸಿ ಅವನು ತಂತಿ ಮೀಟಿದರೆ ಸ್ವರ ಬೆಣ್ಣೆಯ ಹಾಗೆ ಜಾರಿ, ನಡುವೆ ಸ್ವಲ್ಪ ಗೊಗ್ಗರಾಗಿ, ಆಮೇಲೆ ತಾನೇ ತಾನಾಗಿ ಕರಗುತ್ತಿತ್ತು. ಹೇಮಶ್ರೀ ಅದನ್ನು "ಗಂಟಲು ಕಟ್ಟಿದ ಎಮ್ಮೆ" ಅನ್ನುತ್ತಿದ್ದಳು. ವಸಂತ ಅವಳನ್ನು ಕ್ಷಮಿಸಿದ್ದ.

ಈಗ ಎಮ್ಮೆಗೆ ಅಂತ್ಯಕಾಲ ಬಂದಿತ್ತು. ಸಕಲೇಶಪುರದ ರೇಡಿಯೋ ರಿಪೇರಿ ಭೂತಯ್ಯ ಪೆಟ್ಟಿಗೆಯ ಬೆನ್ನು ಬಿಚ್ಚಿ, ವಾಲ್ವನ್ನು ಬೆಳಕಿಗೆ ಹಿಡಿದು, ದೊಡ್ಡಾಸ್ಪತ್ರೆಯ ಡಾಕ್ಟರ ಹಾಗೆ ತಲೆಯಾಡಿಸಿದ್ದ. "ಇನ್ನು ಹದಿನೈದು ದಿನ ಬಾಳಿದ್ರೆ ಹೆಚ್ಚು. ಇಂಥ ವಾಲ್ವು ಈಗ ಎಲ್ಲೂ ಸಿಗಾಕಿಲ್ಲ ಮಾರಾಯ."

ವಸಂತನ ಬಳಿ ಉಪಾಯವಿತ್ತು. ಕಾಲ ಎರಡು ಸಾವಿರದ ಐದು. ಮನೆಗೆ ಕಂಪ್ಯೂಟರ್ ಬಂದು ವರ್ಷವಾಗಿತ್ತು. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಲ್ಲಿ ಒಂದು ತಂತ್ರಾಂಶ ಸಿಕ್ಕಿತ್ತು. ಕಂಪ್ಯೂಟರಿನಿಂದ ಒಂದು ಉದ್ದನೆಯ ಸ್ವರವನ್ನು ಪೆಟ್ಟಿಗೆಯೊಳಗೆ ಬಿಡಬೇಕು. ಅದು ಹುಲಿಯ ಗುರುಗುಟ್ಟುವಿಕೆಯಿಂದ ಶುರುವಾಗಿ ಕುಕ್ಕರಿನ ಸೀಟಿಯವರೆಗೆ ನಲವತ್ತು ಸೆಕೆಂಡು ಏರುತ್ತ ಹೋಗುತ್ತದೆ. ಪೆಟ್ಟಿಗೆ ಅದನ್ನು ತನ್ನ ಕಂಠದಲ್ಲಿ ಹಾಡುತ್ತದೆ, ಎದುರಿನ ಮೈಕು ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರು ಲೆಕ್ಕ ಹಾಕಿ ಆ ಕಂಠದ ಅಚ್ಚು ತೆಗೆದಿಡುತ್ತದೆ. ಆಮೇಲೆ ಪೆಟ್ಟಿಗೆ ಸತ್ತರೂ ಚಿಂತೆಯಿಲ್ಲ. ಗಿಟಾರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು, ಸತ್ತವನೇ ಬಂದು ಹಾಡಿದಂತೆ.

ಅದೇ ವಾರ ಹೇಮಶ್ರೀಯ ಜೀವನದಲ್ಲೂ ಒಂದು ಮಹಾಘಟನೆ ನಡೆಯಿತು. ಕಾಫಿ ಸುಗ್ಗಿಯ ಕಾಲ. ಹಗಲು ಕೊಯ್ದ ಹಣ್ಣನ್ನು ಅದೇ ಸಂಜೆ ಸಿಪ್ಪೆ ಸುಲಿಯಲೇಬೇಕು. ಹಾಗಾಗಿ ಐದಕ್ಕೆ ಸರಿಯಾಗಿ ಊರಿನ ಪಲ್ಪರ್ ಯಂತ್ರಗಳೆಲ್ಲ ಒಟ್ಟಿಗೆ ಶುರುವಾಗಿ, ಎಂಟರವರೆಗೆ ಕರೆಂಟಿನ ಜೀವ ಹಿಂಡುತ್ತಿದ್ದವು. ಸುಗ್ಗಿ ಮುಗಿದರೆ ಆ ಪಾಳಿ ನೀರಿನ ಮೋಟರುಗಳದ್ದು. ಬಲ್ಬು ಕೆಂಪಗೆ ಕಣ್ಣು ಬಿಡುತ್ತಿತ್ತು. ಮಿಕ್ಸಿ ಗುಂಯ್ ಅಂದು ನಿಂತುಬಿಡುತ್ತಿತ್ತು. ಎರಡು ವರ್ಷ ಅರ್ಜಿ ಬರೆದು, ಕರೆಂಟ್ ಆಫೀಸಿನ ಮೆಟ್ಟಿಲು ಸವೆಸಿ, ಕೊನೆಗೂ ಹೇಮಶ್ರೀ ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ತರಿಸಿದಳು. ಮಂಗಳವಾರ ಅದು ಕಂಬ ಏರಿತು. ಅವಳು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮನೆಗೆ ಬಂದು ಸಂಜೆ ಐದೂವರೆಗೆ ಮಿಕ್ಸಿಯಲ್ಲಿ ದೋಸೆಹಿಟ್ಟು ರುಬ್ಬಿದಳು. ಸುಗ್ಗಿಯಲ್ಲಿ ಆ ಹೊತ್ತಿಗೆ ಮಿಕ್ಸಿ ತಿರುಗಿದ್ದು ಅದೇ ಮೊದಲು.

ಅದೇ ಸಂಜೆ, ಅದೇ ಐದೂವರೆಗೆ, ವಸಂತ ಮೈಕು ನಿಲ್ಲಿಸಿ ಗಿಟಾರಿನ ತಂತಿ ಮೀಟಿದ. ಮೀಟಿದವನು ಹಾಗೇ ಕೂತುಬಿಟ್ಟ. ಬೆಣ್ಣೆ ಇಲ್ಲ, ಗೊಗ್ಗರು ಇಲ್ಲ. ಸ್ವರ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಗರಿಗರಿಯಾಗಿ ಬಂದು ಎದುರು ನಿಂತಿತ್ತು.

"ಹೋಯ್ತು ಕಣೇ, ಕೊನೇ ಉಸಿರು" ಎಂದ.

"ಯಾರ್ದು?" ಎಂದು ಹೇಮಶ್ರೀ ಗಾಬರಿಯಾಗಿ ಓಡಿಬಂದಳು. ಪೆಟ್ಟಿಗೆಯದು ಎಂದು ತಿಳಿದ ಮೇಲೆ ಅಷ್ಟೇ ಬೇಗ ವಾಪಸು ಹೋದಳು.

ಅಲ್ಲಿಂದ ವಸಂತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪೆಟ್ಟಿಗೆಯನ್ನು ಬಚ್ಚಲಿಗೆ ಹೊತ್ತ, ಸ್ಟೋರಿನಲ್ಲಿ ಕಾಫಿ ಚೀಲಗಳ ಮೇಲೆ ಕೂರಿಸಿದ, ಕೊಟ್ಟಿಗೆಯಲ್ಲಿಟ್ಟು ಕರುವಿನಿಂದ ಒದೆಸಿಕೊಂಡ. ಮೈಕಿಗೆ ಒಮ್ಮೆ ಕಂಬಳಿ ಹೊದಿಸಿದ, ಒಮ್ಮೆ ತಾನೇ ಹೊದ್ದುಕೊಂಡ. ದಿನಕ್ಕೆರಡು ಸಲ ಭೂತಯ್ಯನಿಗೆ ಫೋನು. ತೋಟದ ಲೆಕ್ಕ ಬರೆಯುವ ರೈಟರು ಆಳುಗಳ ಹಾಜರಿ ಹಿಡಿದು ಬಂದರೆ "ವಾಲ್ವ್ ಬಂತಾ?" ಎಂದು ಕೇಳಿದ.

ಶನಿವಾರ ಸಂಜೆ ಸತ್ಯ ತಾನಾಗಿ ಬಾಗಿಲು ತಟ್ಟಿತು. ಪಕ್ಕದ ತೋಟದ ಏಕಾಂತಯ್ಯನವರ ದೊಡ್ಡ ಪಲ್ಪರೂ ಎದುರುಮನೆ ಹುಚ್ಚಣ್ಣನ ನೀರಿನ ಮೋಟರೂ ಒಂದೇ ಗಳಿಗೆಯಲ್ಲಿ ಶುರುವಾದವು. ದೀಪ ಒಂದು ಸಲ ಕುಗ್ಗಿತು. ವಸಂತ ಆಗ ಮೀಟಿದ್ದ ಸ್ವರ, ಆ ಒಂದು ಗಳಿಗೆ ಮಾತ್ರ, ಬೆಣ್ಣೆಯಾಗಿ ಜಾರಿ ಗೊಗ್ಗರಾಗಿ ಕರಗಿತು. ದೀಪ ಚೇತರಿಸಿಕೊಂಡಿತು, ನಾದ ಸತ್ತಿತು.

ವಸಂತ ಬಲ್ಬನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಕಿಟಕಿಯಾಚೆ ಕುಂಕುಮ ಹಚ್ಚಿಕೊಂಡು ನಿಂತ ಟ್ರಾನ್ಸ್‌ಫಾರ್ಮರನ್ನು ನೋಡಿದ. ಇಷ್ಟು ವರ್ಷ ಅವನು ಆರಾಧಿಸಿದ್ದು ಸೀಮೆಯ ಕಂಠವನ್ನಲ್ಲ, ಊರಿನ ಲೋ ವೋಲ್ಟೇಜನ್ನು.

ಭೂತಯ್ಯ ಫೋನಿನಲ್ಲಿ ಒಪ್ಪಿದ. "ಹೌದು, ಕರೆಂಟು ಕಮ್ಮಿ ಆದ್ರೆ ವಾಲ್ವು ಹಂಗೇ ಹಾಡ್ತೈತೆ. ವೋಲ್ಟೇಜ್ ಇಳಿಸೋ ಡಬ್ಬ ಒಂದು ಬರ್ತೈತೆ. ಬೆಂಗಳೂರಿಂದ ತರಿಸ್ಬೇಕು, ಹದಿನೈದು ದಿನ."

"ಅಲ್ಲೀವರೆಗೂ ವಾಲ್ವ್ ಇರುತ್ತಾ?"

"ಅದನ್ನ ನಾ ಹೇಳಾಕಾಗಲ್ಲ."

ವಸಂತ ರೊಟ್ಟಿಯ ಮುಂದೆ ಮಾಡಿದ ಶಪಥ ನೆನೆದು, ಯಾವ ಸಜ್ಜನನೂ ಮಾಡಬಾರದ ಕೆಲಸ ಮಾಡಿದ. ಭಾನುವಾರ ಬೆಳಗ್ಗೆ ಏಕಾಂತಯ್ಯನವರ ಕಣದಲ್ಲಿ ನಿಂತು, "ಹೊಸ ಟ್ರಾನ್ಸ್‌ಫಾರ್ಮರಿಗೆ ಇವತ್ತು ಲೋಡ್ ಟೆಸ್ಟು. ಸಂಜೆ ಆರೂಮುಕ್ಕಾಲಿಗೆ ಎಲ್ರೂ ಮನೇಲಿರೋದನ್ನೆಲ್ಲ ಒಟ್ಟಿಗೆ ಹಾಕ್ಬೇಕು. ಪಾಸಾದ್ರೆ ಹತ್ತು ವರ್ಷ ಚಿಂತೆ ಇಲ್ಲ" ಎಂದುಬಿಟ್ಟ.

"ಎಲ್ಲ ಅಂದ್ರೆ?" ಎಂದ ಹುಚ್ಚಣ್ಣ.

"ಪಲ್ಪರ್, ಮೋಟರ್, ಇಸ್ತ್ರಿ, ನೀರು ಕಾಯಿಸೋ ಕಾಯಿಲ್ಲು."

"ನಮ್ಮನೇಲಿ ಕಾಯಿಲ್ ಇಲ್ಲ. ನಮ್ಮ ಮಾವನ ಮನೇದು ತಂದು ಹಾಕಲಾ?"

"ತಂದು ಹಾಕು."

ಇಷ್ಟಕ್ಕೇ ನಿಂತಿದ್ದರೆ ವಸಂತನ ಎದೆ ತಡೆದುಕೊಳ್ಳುತ್ತಿತ್ತೇನೋ. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಹೇಮಶ್ರೀ. "ನನ್ನ ಟ್ರಾನ್ಸ್‌ಫಾರ್ಮರ್ ಫೇಲಾಗಬಾರ್ದು" ಎಂದು ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೋಗಿ ಹೇಳಿಬಂದಳು. "ನೀವು ಇದಕ್ಕೆಲ್ಲ ಇಷ್ಟು ಮುತುವರ್ಜಿ ವಹಿಸ್ತೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ" ಎಂದು ಗಂಡನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು. ವಸಂತ ಅದನ್ನು ಕುಡಿದ.

ಕಂಪ್ಯೂಟರು ಮಾತ್ರ ಕಡಿಮೆ ಕರೆಂಟಿಗೆ ನಿಲ್ಲುವ ಜಾತಿಯಲ್ಲ. ಅದಕ್ಕೆಂದು ಸಕಲೇಶಪುರದ ಸೈಬರ್ ಸೆಂಟರಿನವನ ಕಾಲು ಹಿಡಿದು, ಹತ್ತು ನಿಮಿಷ ಬ್ಯಾಟರಿಯಲ್ಲಿ ನಡೆಸುವ ಯುಪಿಎಸ್ ಡಬ್ಬವೊಂದನ್ನು ಕಡ ತಂದು ಮೈಕಿನ ಪಕ್ಕದಲ್ಲಿ ಇಟ್ಟ. ಪೆಟ್ಟಿಗೆಯ ಸದ್ದನ್ನು ಪೂರ್ತಿ ಏರಿಸಿ, ಕಿವಿ ಉಳಿಯಲಿ ಎಂದು ಎರಡಕ್ಕೂ ಹತ್ತಿ ಗಿಡಿದ.

ಆರೂಮುಕ್ಕಾಲು. ಏಕಾಂತಯ್ಯನವರ ಪಲ್ಪರ್ ಗರ್ಜಿಸಿತು. ಹುಚ್ಚಣ್ಣನ ಮೋಟರು, ಮಾವನ ಕಾಯಿಲ್ಲು, ಹೇಮಶ್ರೀಯ ಮಿಕ್ಸಿ, ಊರಿನ ಇಸ್ತ್ರಿಪೆಟ್ಟಿಗೆಗಳ ಅಕ್ಷೌಹಿಣಿ. ಗೋಡೆಯ ವೋಲ್ಟೇಜ್ ಮೀಟರಿನ ಮುಳ್ಳು ಇನ್ನೂರು ಮೂವತ್ತರಿಂದ ಇನ್ನೂರಕ್ಕೆ, ನೂರ ಎಂಬತ್ತಕ್ಕೆ, ನೂರ ಅರವತ್ತಕ್ಕೆ ಇಳಿಯಿತು. ಬಲ್ಬು ಕೆಂಪಾಯಿತು. ವಸಂತ ಗುಂಡಿ ಒತ್ತಿದ.

ಹುಲಿ ಗುರುಗುಟ್ಟಿತು. ಗೋಡೆಯ ಕ್ಯಾಲೆಂಡರು ಅಲುಗಿತು. ಸ್ವರ ಏರಿತು, ಬೆಣ್ಣೆಯಾಯಿತು, ಗೊಗ್ಗರಾಯಿತು, ಆಳುಗಳ ಸಾಲುಮನೆಯ ನಾಯಿಗಳೆಲ್ಲ ಮುಖ ಎತ್ತಿ ಜೊತೆಗೂಡಿದವು. ಮೂವತ್ತೆಂಟು, ಮೂವತ್ತೊಂಬತ್ತು. ನಲವತ್ತನೇ ಸೆಕೆಂಡಿಗೆ ಸೀಟಿ ಮುಗಿಯಿತು. ನಲವತ್ತೊಂದಕ್ಕೆ ಕಂಬದ ಮೇಲೆ ಢಮ್ ಎಂದಿತು.

ಊರು ಕತ್ತಲಾಯಿತು. ವಸಂತ ಕಂಪ್ಯೂಟರಿನಲ್ಲಿ ಅಚ್ಚನ್ನು ಭದ್ರವಾಗಿ ಉಳಿಸಿ, ಅದು ಆರಿದ ಮೇಲೆ ಹೊರಗೆ ಬಂದ.

ಲೈನ್‌ಮನ್ ಕೆಂಚಯ್ಯ ಕಂಬದ ಬುಡದಲ್ಲಿ ಸೈಕಲ್ ನಿಲ್ಲಿಸಿ, ಎಣ್ಣೆ ಸುರಿಸುತ್ತ ಹೊಗೆಯಾಡುತ್ತಿದ್ದ ಟ್ರಾನ್ಸ್‌ಫಾರ್ಮರಿನ ಕಡೆ ಟಾರ್ಚು ಹಿಡಿದಿದ್ದ. "ಸುಟ್ಟೋಗ್ಬುಟೈತೆ" ಎಂದ.

"ಹಾಗಾದ್ರೆ ಟೆಸ್ಟು ಫೇಲಾ?" ಎಂದಳು ಹೇಮಶ್ರೀ.

"ಯಾವ ಟೆಸ್ಟಮ್ಮ? ಟೆಸ್ಟು ಅಂತ ಯಾರು ಹೇಳಿದ್ದು?"

ಎಲ್ಲರೂ ವಸಂತನನ್ನು ನೋಡಿದರು. ವಸಂತ ಕಿವಿಯಿಂದ ಹತ್ತಿ ತೆಗೆದು, ಇದ್ದದ್ದನ್ನು ಇದ್ದಹಾಗೆ ಹೇಳಿದ.

ಏಕಾಂತಯ್ಯ, "ನಮ್ಮ ಹಣ್ಣು ಹುಳಿ ಬಂದ್ರೂ ಚಿಂತೆ ಇಲ್ಲ. ಅಂಥ ನಾದ ಅಂದ್ರೆ ಹೆಂಗಿರ್ತೈತೆ, ಒಂದ್ಸಲ ಕೇಳ್ಬೇಕು" ಎಂದರು. ಅವರ ಮನೆಯಲ್ಲಿ ನಾಲ್ಕು ದೀಪಕ್ಕೆ ಸಾಲುವ ಪುಟ್ಟ ಜನರೇಟರ್ ಇತ್ತು. ಕಂಪ್ಯೂಟರನ್ನು ಅಲ್ಲಿಗೆ ಹೊರಲಾಯಿತು. ಊರೆಲ್ಲ ಜಗಲಿಯ ಮೇಲೆ ಕೂತಿತು. ಹೇಮಶ್ರೀ ಜಗಲಿಯ ಕಂಬಕ್ಕೆ ಒರಗಿ ನಿಂತಳು.

ವಸಂತ ಗಿಟಾರ್ ಸಿಕ್ಕಿಸಿ ಒಂದೇ ಒಂದು ಸ್ವರ ಮೀಟಿದ. ಬೆಣ್ಣೆ ಜಾರಿತು, ಗೊಗ್ಗರಾಯಿತು, ಕರಗಿತು. ಏಕಾಂತಯ್ಯನವರ ತಲೆ ತೂಗಲು ಶುರುವಾಯಿತು. ಆಗ, ಕರಗಿದ ಸ್ವರದ ಬಾಲದಲ್ಲಿ, ಸಣ್ಣಗೆ ಕೇಳಿಸಿತು: ಕುಂಯ್.

ಇನ್ನೊಂದು ಸ್ವರ. ಬೆಣ್ಣೆ, ಗೊಗ್ಗರು, ಕುಂಯ್.

ಕರೆಂಟು ಕುಗ್ಗಿದಾಗ ಯುಪಿಎಸ್ ಡಬ್ಬ ಅರಚುತ್ತದೆ ಎಂಬುದು ಹತ್ತಿ ಗಿಡಿದ ಕಿವಿಗೆ ಗೊತ್ತಾಗಿರಲಿಲ್ಲ. ಮೈಕಿಗೆ ಗೊತ್ತಾಗಿತ್ತು. ಕಂಪ್ಯೂಟರು ಅದನ್ನೂ ಸೀಮೆಯ ಕಂಠದ ಭಾಗವೆಂದೇ ಗೌರವದಿಂದ ಅಚ್ಚು ಹಾಕಿಕೊಂಡಿತ್ತು.

"ನಾಯಿಮರಿ ಬಾಲ ತುಳಿದಂಗೈತಲ್ಲಣ್ಣ" ಎಂದ ಹುಚ್ಚಣ್ಣ, ನಿಜವಾಗಿಯೂ ಕಾಲ ಬುಡ ನೋಡಿಕೊಂಡು.

ಮುಂದಿನ ಹತ್ತು ದಿನ ವಸಂತ ಗಿಟಾರ್ ಮುಟ್ಟಲಿಲ್ಲ. ಕೈಯಲ್ಲಿ ತಿರುಗಿಸುವ ಹಳೆಯ ಪಲ್ಪರುಗಳನ್ನು ಎಲ್ಲರೂ ಅಟ್ಟದಿಂದ ಇಳಿಸಿದ್ದರು. ಮನೆಗೊಂದು ಗಂಟೆಯಂತೆ ಅವನೇ ತಿರುಗಿಸಿದ. ಹನ್ನೊಂದನೇ ದಿನ ಕೆಂಚಯ್ಯ ಗುಜರಿಯಿಂದ ಹಳೆಯ ಟ್ರಾನ್ಸ್‌ಫಾರ್ಮರನ್ನೇ ತಂದು ಮತ್ತೆ ಕಂಬ ಏರಿಸಿದ.

"ಹೊಸದು ಯಾವಾಗ ಬರುತ್ತೆ?" ಎಂದಳು ಹೇಮಶ್ರೀ.

"ಹಿಂದಿನದಕ್ಕೆ ಎರಡು ವರ್ಷ ಹಿಡೀತಲ್ಲಮ್ಮ."

ಆ ಸಂಜೆ ಐದಕ್ಕೆ ಪಲ್ಪರುಗಳು ಶುರುವಾದವು. ಬಲ್ಬು ಕೆಂಪಾಯಿತು. ವಸಂತ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಪೆಟ್ಟಿಗೆ ಹಚ್ಚಿದ. ಭೂತಯ್ಯ ಕೊಟ್ಟ ಗಡುವು ಮುಗಿದಿದ್ದರೂ ವಾಲ್ವು ನಿಧಾನಕ್ಕೆ ಕಣ್ಣು ಬಿಟ್ಟಿತು. ಒಂದು ಸ್ವರ. ಬೆಣ್ಣೆ, ಗೊಗ್ಗರು, ಕರಗುವಿಕೆ, ಕುಂಯ್ ಇಲ್ಲ. ಅವನ ಕಣ್ಣು ತುಂಬಿತು.

ಅಡುಗೆಮನೆಯಲ್ಲಿ ಮಿಕ್ಸಿ ಗುಂಯ್ ಅಂದು ನಿಂತಿತು.

"ರೀ, ನಿಮ್ಮ ನಾದ ಬಂತಾ?"

"ಬಂತು ಕಣೇ."

"ಹಾಗಾದ್ರೆ ಬನ್ನಿ. ಉದ್ದು ನೆಂದಿದೆ, ಒರಳು ತೊಳೆದಿಟ್ಟಿದೀನಿ."

ಅಂದಿನಿಂದ ಸಂಜೆ ಐದರಿಂದ ವಸಂತ ಒರಳಿನ ಮುಂದೆ ಕೂರುತ್ತಾನೆ. ಕೈ ತೊಳೆದು ಗಿಟಾರ್ ಎತ್ತಿಕೊಳ್ಳುವಷ್ಟರಲ್ಲಿ ಎಂಟಾಗಿ, ಪಲ್ಪರುಗಳೆಲ್ಲ ನಿಂತು, ಕರೆಂಟು ಪೂರ್ತಿ ಬಂದು, ಪೆಟ್ಟಿಗೆ ಇಸ್ತ್ರಿ ಅಂಗಿಯ ಸ್ವರ ಹಾಡುತ್ತದೆ. ಒಂದು ದಿನ ಧೈರ್ಯ ಮಾಡಿ ಕೇಳಿದ: "ಎಂಟು ಗಂಟೆಗೆ ಮಿಕ್ಸೀಲೇ ರುಬ್ಬಬಹುದಲ್ವೇನೇ?"

"ರುಬ್ಬಬಹುದು" ಎಂದಳು ಹೇಮಶ್ರೀ, ಉದ್ದಿನ ಪಾತ್ರೆಯನ್ನು ಅವನ ಕಡೆಗೆ ಸರಿಸುತ್ತ.